ಬಸ್ಸು, ಬತ್, ಬಸ್: ಖೋನ್ ಕೇನ್‌ನ ಒಂದು ಇಂಗ್ಲಿಷ್ ತರಗತಿಯ ಪ್ರಕರಣ

2017ರ ಆಗಸ್ಟ್ ತಿಂಗಳು. ಥಾಯ್ಲೆಂಡಿನ ಖೋನ್ ಕೇನ್ ಪ್ರಾಂತ್ಯದ ಒಂದು ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಟೀಚರ್. ಮಧ್ಯಾಹ್ನದ ಊಟದ ಬಿಡುವಿನಲ್ಲಿ ನಮ್ಮ ವಿಭಾಗದ ಮುಖ್ಯಸ್ಥೆ ನನ್ನನ್ನು ಸ್ಟಾಫ್ ರೂಮಿನ ಹೊರಗೆ ಕರೆದರು. ಅವರನ್ನು ನಾನು 'ಪೀ' ಅನ್ನುತ್ತಿದ್ದೆ. ಥಾಯ್ ಭಾಷೆಯಲ್ಲಿ ನಮಗಿಂತ ದೊಡ್ಡವರನ್ನು ಹಾಗೆ ಕರೆಯುತ್ತಾರೆ, ನಾವು ಅಕ್ಕ ಅಂದ ಹಾಗೆ. ಅವರ ಕೈಯಲ್ಲಿ ಫೋನ್ ಇತ್ತು. ಪೋಷಕರ ಲೈನ್ ಗ್ರೂಪಿನಲ್ಲಿ (ಲೈನ್ ಅಂದರೆ ವಾಟ್ಸಾಪ್ ಥರದ ಆ್ಯಪ್) ಯಾರೋ ಒಬ್ಬರು ಬರೆದಿದ್ದರು: "ವಿದೇಶಿ ಟೀಚರ್ ಸಿಗುತ್ತಾರೆ ಅಂತ ನಾವು ಜಾಸ್ತಿ ಫೀಸ್ ಕಟ್ಟುತ್ತೇವೆ. ನಮ್ಮ ಮಕ್ಕಳ ಕ್ಲಾಸಿಗೆ ಇಂಡಿಯಾದವರು ಯಾಕೆ?" ಅದರ ಕೆಳಗೆ ಹನ್ನೊಂದು ಜನ ಸ್ಟಿಕರ್ ಹಾಕಿದ್ದರು.

"ನಿಮಗೆ ವ್ಯಾಕರಣದ ಪಿರಿಯಡ್ ಕೊಡೋಣ. ಮಾತಾಡಿಸುವ ಪಿರಿಯಡ್ ಇಂಗ್ಲೆಂಡಿನ ಹುಡುಗ ತಗೊಳ್ಳಲಿ" ಅಂದರು ಪೀ. ಅವರಿಗೆ ನನ್ನ ಮೇಲೆ ಕೋಪವಿರಲಿಲ್ಲ. ಗಲಾಟೆ ಬೇಡ ಅನ್ನುವುದಷ್ಟೇ ಅವರ ಮನಸ್ಸಿನಲ್ಲಿತ್ತು. ನಾನು ಆರು ವಾರ ಸಮಯ ಕೇಳಿದೆ. ಆರು ವಾರದ ನಂತರವೂ ಮಕ್ಕಳು ಬಾಯಿ ಬಿಡದಿದ್ದರೆ ನಾನೇ ಕ್ಲಾಸು ಬಿಟ್ಟುಕೊಡುತ್ತೇನೆ ಅಂತ ಹೇಳಿದೆ.

ಆ ಆರು ವಾರದ ಕಥೆಯನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಬಿ.ಎಡ್. ಮುಗಿಸಿ ಹೊರದೇಶದಲ್ಲಿ ಇಂಗ್ಲಿಷ್ ಕಲಿಸಬೇಕು ಅಂದುಕೊಂಡ ನಮ್ಮ ಕಡೆಯ ಶಿಕ್ಷಕರು ನನ್ನನ್ನು ಮೊದಲು ಕೇಳುವುದು ಸಂಬಳ, ವೀಸಾ. ಅವೆರಡನ್ನೂ ಹೇಳುತ್ತೇನೆ. ಆದರೆ ಜಾಸ್ತಿ ಹೇಳಬೇಕಿರುವುದು ಕ್ಲಾಸಿನೊಳಗೆ ಏನಾಯಿತು ಅನ್ನುವುದನ್ನು.

ಹೋಗುವ ಮೊದಲು

ನಾನು ಚನ್ನಗಿರಿ ಹತ್ತಿರದ ಹಳ್ಳಿಯವಳು. ಕನ್ನಡ ಮಾಧ್ಯಮದಲ್ಲಿ ಓದಿದೆ. ಎ ಬಿ ಸಿ ಡಿ ಕಲಿತದ್ದು ಐದನೇ ಕ್ಲಾಸಿನಲ್ಲಿ. ಆಗ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದೇ ಅಲ್ಲಿಂದ. ಎಂ.ಎ., ಬಿ.ಎಡ್. ಮುಗಿಸಿ ದಾವಣಗೆರೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಒಂಬತ್ತು ವರ್ಷ ಇಂಗ್ಲಿಷ್ ಕಲಿಸಿದೆ. ಕೊನೆಯ ವರ್ಷ ನನ್ನ ಸಂಬಳ ತಿಂಗಳಿಗೆ 14,000 ರೂಪಾಯಿ.

ನಮ್ಮ ಕಡೆ ಇಂಗ್ಲಿಷ್ ಶಿಕ್ಷಕರು ಹೊರದೇಶಕ್ಕೆ ಹೋಗುವುದು ಅಂದರೆ ಹೆಚ್ಚಾಗಿ ಗಲ್ಫ್. ಅಲ್ಲಿ ಸಿಬಿಎಸ್ಇ ಶಾಲೆಗಳಿವೆ, ಓದುವವರೂ ಭಾರತದ ಮಕ್ಕಳೇ. ಅದು ಒಳ್ಳೆಯ ದಾರಿ. ಆದರೆ ಕೆಲಸ ಬೇರೆ. ಬೀದಿಯಲ್ಲಿ ಇಂಗ್ಲಿಷ್ ಬೋರ್ಡು ಸಹ ಸರಿಯಾಗಿ ಕಾಣದ ಊರಿನಲ್ಲಿ, ಆ ಭಾಷೆಯನ್ನು ಬರೀ ಪಾಠವಾಗಿ ನೋಡಿದ ಮಕ್ಕಳಿಗೆ ಕಲಿಸುವುದು ಇನ್ನೊಂದು ಕಸುಬು. ನನಗೆ ಅದು ಬೇಕಿತ್ತು. ನಾನೂ ಅಂಥ ಮಗುವೇ ಆಗಿದ್ದೆ.

ಅರ್ಜಿ ಹಾಕಲು ಶುರು ಮಾಡಿದ ಮೇಲೆ ಬಾಗಿಲುಗಳು ಎಲ್ಲಿ ಮುಚ್ಚಿವೆ ಅಂತ ಗೊತ್ತಾಯಿತು. ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಕಲಿಸುವವರ ಇ-2 ವೀಸಾ ಮುಖ್ಯವಾಗಿ ಏಳು ದೇಶದವರಿಗೆ: ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕಾ. 2010ರ ಜನವರಿಯಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ವ್ಯಾಪಾರ ಒಪ್ಪಂದದಲ್ಲಿ ಭಾರತದ ಅರ್ಹ ಶಿಕ್ಷಕರಿಗೂ ಒಂದು ಸಣ್ಣ ಕಿಂಡಿ ಇದೆ. ನನಗೆ ಅದರಲ್ಲಿ ಒಂದೂ ಜಾಗ ಸಿಗಲಿಲ್ಲ. ಚೀನಾದ ಜಾಹೀರಾತುಗಳಲ್ಲಿ ಮೊದಲ ಸಾಲಿನಲ್ಲೇ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳುತ್ತಿದ್ದರು. ಎಷ್ಟು ವರ್ಷ ಕಲಿಸಿದ್ದೀರಿ ಅನ್ನುವುದು ಕೆಳಗೆಲ್ಲೋ ಇರುತ್ತಿತ್ತು.

ಕಾಶ್ಮೀರದಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಮಾಡಿದ ಭಾಷಾವಿಜ್ಞಾನಿ ಬ್ರಜ್ ಕಚ್ರು 1985ರಲ್ಲಿ ಇಂಗ್ಲಿಷಿನ ಲೋಕವನ್ನು ಮೂರು ವೃತ್ತಗಳಾಗಿ ಬಿಡಿಸಿ ತೋರಿಸಿದರು. ಒಳವೃತ್ತದಲ್ಲಿ ಇಂಗ್ಲೆಂಡ್, ಅಮೆರಿಕದಂಥ ದೇಶಗಳು. ಹೊರವೃತ್ತದಲ್ಲಿ ಭಾರತ, ಸಿಂಗಪುರ, ನೈಜೀರಿಯಾ, ಹೀಗೆ ಆಡಳಿತಕ್ಕೆ, ಓದಿಗೆ ಇಂಗ್ಲಿಷ್ ಬಳಸುವ ದೇಶಗಳು. ಅದರಾಚೆ ಹರಡುತ್ತಿರುವ ವೃತ್ತದಲ್ಲಿ ಥಾಯ್ಲೆಂಡ್, ಚೀನಾ, ಜಪಾನ್. ಎಂ.ಎ. ಓದುವಾಗ ಇದು ಪರೀಕ್ಷೆಗೆ ಬರೆಯುವ ಉತ್ತರವಾಗಿತ್ತು. ಕೆಲಸ ಹುಡುಕುವಾಗ ಅದೇ ಸಂಬಳದ ಪಟ್ಟಿಯಾಗಿ ಎದುರು ಬಂತು.

ಕೊನೆಗೆ ಒಂದು ಏಜೆನ್ಸಿಯ ಮೂಲಕ ಈಶಾನ್ಯ ಥಾಯ್ಲೆಂಡಿನ ಖೋನ್ ಕೇನ್ ಪ್ರಾಂತ್ಯದ ಒಂದು ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಬ್ಯಾಂಕಾಕ್‌ನಿಂದ ಸುಮಾರು 450 ಕಿಲೋಮೀಟರ್ ದೂರ. ಶಾಲೆಯಲ್ಲಿ 'ಮಿನಿ ಇಂಗ್ಲಿಷ್ ಪ್ರೋಗ್ರಾಂ' ಇತ್ತು. ಕೆಲವು ವಿಷಯಗಳನ್ನು ಇಂಗ್ಲಿಷಿನಲ್ಲಿ ಕಲಿಸುವ, ಅದಕ್ಕಾಗಿ ಪೋಷಕರಿಂದ ಹೆಚ್ಚು ಹಣ ಪಡೆಯುವ ವಿಭಾಗ ಅದು. ನನ್ನ ಸಂಬಳ 24,000 ಬಾತ್. ಆಗಿನ ಲೆಕ್ಕದಲ್ಲಿ ಸುಮಾರು 45,000 ರೂಪಾಯಿ.

ಕಾಗದ ಪತ್ರದ ವಿಷಯ

ಇಲ್ಲಿ ನಿಧಾನವಾಗಿ ಓದಿ. ಕಷ್ಟಕ್ಕೆ ಸಿಕ್ಕಿಕೊಳ್ಳುವವರು ಹೆಚ್ಚಾಗಿ ಇಲ್ಲೇ ಎಡವುತ್ತಾರೆ.

ಏಜೆನ್ಸಿಯವರು ಮೊದಲು ಹೇಳಿದ್ದು, "ಟೂರಿಸ್ಟ್ ವೀಸಾದಲ್ಲಿ ಬಂದುಬಿಡಿ, ಕೆಲಸ ಶುರು ಮಾಡಿ, ಪೇಪರ್ಸ್ ಆಮೇಲೆ ಮಾಡಿಸೋಣ" ಅಂತ. ನಾನು ಒಪ್ಪಲಿಲ್ಲ. ನನ್ನ ತಮ್ಮನ ಗೆಳೆಯ ಮಲೇಷ್ಯಾದಲ್ಲಿ ಹೀಗೇ ಸಿಕ್ಕಿಬಿದ್ದು ಮನೆಯವರನ್ನೆಲ್ಲ ಅಳಿಸಿದ್ದ. ಶಾಲೆಯ ಪತ್ರ ಬರುವವರೆಗೆ ಕಾದು, ಚೆನ್ನೈನ ಥಾಯ್ ದೂತಾವಾಸದ ಮೂಲಕ, ಕೆಲಸಕ್ಕೆ ಹೋಗುವವರಿಗೆ ಕೊಡುವ ನಾನ್-ಇಮಿಗ್ರಂಟ್ ಬಿ ವೀಸಾ ಪಡೆದೆ. ಶಾಲೆ ತೆರೆಯುವುದು ಮೇ ಮಧ್ಯದಲ್ಲಿ. ನಾನು ತಲುಪಿದ್ದು ಜೂನ್ ಮೊದಲ ವಾರ. ವರ್ಕ್ ಪರ್ಮಿಟ್ ಕೈಗೆ ಬರುವವರೆಗೆ ಕ್ಲಾಸಿಗೆ ಕಾಲಿಡಲಿಲ್ಲ. ಅಷ್ಟು ದಿನದ ಸಂಬಳ ಹೋಯಿತು. ಹೋದರೆ ಹೋಗಲಿ ಅಂದುಕೊಂಡೆ.

ಅದೇ ಜೂನ್ 23ರಂದು ಥಾಯ್ಲೆಂಡಿನಲ್ಲಿ ವಿದೇಶಿ ಕೆಲಸಗಾರರ ಹೊಸ ಕಾನೂನು ಜಾರಿಗೆ ಬಂತು. ಪರ್ಮಿಟ್ ಇಲ್ಲದವರನ್ನು ಕೆಲಸಕ್ಕೆ ಇಟ್ಟುಕೊಂಡರೆ ಮಾಲೀಕರಿಗೆ ತಲೆಗೆ 4 ಲಕ್ಷದಿಂದ 8 ಲಕ್ಷ ಬಾತ್ ದಂಡ. ಕೆಲವೇ ದಿನಗಳಲ್ಲಿ ಮ್ಯಾನ್ಮಾರ್, ಕಾಂಬೋಡಿಯಾದ ಸಾವಿರಾರು ಕೂಲಿಯವರು ಗಡಿ ದಾಟಿ ಊರಿಗೆ ಮರಳಿದರು. ಆಮೇಲೆ ಸರ್ಕಾರ ದಂಡದ ಭಾಗವನ್ನು ತಿಂಗಳುಗಟ್ಟಲೆ ಮುಂದಕ್ಕೆ ಹಾಕಿ, 2018ರಲ್ಲಿ ಕಡಿಮೆ ಮಾಡಿತು. ಆದರೆ ಆ ಜೂನ್‌ನಲ್ಲಿ ಟಿವಿ ನೋಡುತ್ತಿದ್ದ ನನಗೆ ಕೈ ಕಾಲು ತಣ್ಣಗಾಗಿತ್ತು.

ನನ್ನಿಂದ ಕೇಳಿದ್ದು ಇಷ್ಟು: ಡಿಗ್ರಿ ಮತ್ತು ಬಿ.ಎಡ್. ಮೂಲ ಪ್ರತಿಗಳು, ಅವು ಅಸಲಿ ಅಂತ ವಿಶ್ವವಿದ್ಯಾಲಯದ ಪತ್ರ, ಪಾಸ್‌ಪೋರ್ಟ್ ಕಚೇರಿಯ ಪೊಲೀಸ್ ಕ್ಲಿಯರೆನ್ಸ್, ವೈದ್ಯರ ಸರ್ಟಿಫಿಕೇಟ್. ಜೊತೆಗೆ ಟೋಯಿಕ್ ಅನ್ನುವ ಇಂಗ್ಲಿಷ್ ಪರೀಕ್ಷೆ, 990ಕ್ಕೆ ಕನಿಷ್ಠ 600. ಪಕ್ಕದ ಮೇಜಿನ ಇಂಗ್ಲೆಂಡಿನ ಹುಡುಗನಿಗೆ ಈ ಪರೀಕ್ಷೆ ಇರಲಿಲ್ಲ. ನನಗೆ 945 ಬಂತು. ಆ ಕಾಗದವನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಬಿ.ಎಡ್. ಬಗ್ಗೆ ಒಂದು ಮಾತು. ಥಾಯ್ಲೆಂಡಿನಲ್ಲಿ ಶಾಲಾ ಶಿಕ್ಷಕರಿಗೆ 'ಖುರುಸಫಾ' ಅನ್ನುವ ಶಿಕ್ಷಕರ ಮಂಡಳಿಯ ಪರವಾನಗಿ ಬೇಕು. ಶಿಕ್ಷಣದ ಪದವಿ ಇಲ್ಲದವರಿಗೆ ಎರಡು ವರ್ಷದ ತಾತ್ಕಾಲಿಕ ಅನುಮತಿ ಕೊಡುತ್ತಾರೆ. ಪೂರ್ಣ ಪರವಾನಗಿ ಆಗ ಐದು ವರ್ಷದ್ದಾಗಿತ್ತು. ಅದಕ್ಕೆ ಶಿಕ್ಷಣದ ಪದವಿಯೇ ಗಟ್ಟಿ ಮೆಟ್ಟಿಲು. ನಮ್ಮಲ್ಲಿ ಎಷ್ಟೋ ಜನ ಬಿ.ಎಡ್. ಅನ್ನು ಬದಿಗಿಟ್ಟು, ಮನೆಯಲ್ಲೇ ಕೂತು ಮುಗಿಸುವ 120 ಗಂಟೆಯ ಆನ್‌ಲೈನ್ ಟೆಫಲ್ (ಬೇರೆ ಭಾಷೆಯವರಿಗೆ ಇಂಗ್ಲಿಷ್ ಕಲಿಸುವ ತರಬೇತಿ) ಸರ್ಟಿಫಿಕೇಟಿಗೆ ದುಡ್ಡು ಸುರಿಯುತ್ತಾರೆ. ಸರ್ಟಿಫಿಕೇಟ್ ಬೇಕೇ ಬೇಕು ಅಂದರೆ ಕೇಂಬ್ರಿಡ್ಜ್‌ನ ಸೆಲ್ಟಾ ಮಾಡಿ. ಅದೂ ಸುಮಾರು 120 ಗಂಟೆಯದೇ, ಆದರೆ ಅದರಲ್ಲಿ ಆರು ಗಂಟೆ ನಿಜವಾದ ವಿದ್ಯಾರ್ಥಿಗಳ ಮುಂದೆ ನಿಂತು ಪಾಠ ಮಾಡಬೇಕು, ಇನ್ನೊಬ್ಬರು ಕೂತು ನೋಡುತ್ತಾರೆ. ಆ ಆರು ಗಂಟೆಗೇ ಬೆಲೆ.

ಕ್ಲಾಸು

ನನಗೆ ಕೊಟ್ಟದ್ದು ಮತ್ಥಯೋಮ್ ಎರಡನೇ ವರ್ಷ. ಅಂದರೆ ನಮ್ಮ ಎಂಟನೇ ಕ್ಲಾಸು. ಮತ್ಥಯೋಮ್ ಅಂದರೆ ಮಧ್ಯಮ. ಪ್ರಾಥಮಿಕ ಶಾಲೆಗೆ ಪ್ರಥೋಮ್ ಅನ್ನುತ್ತಾರೆ, ಅದು ಪ್ರಥಮ. ಶಿಕ್ಷಕರಿಗೆ ಖ್ರೂ, ಅದು ಗುರು. ಭಾಷೆಗೆ ಫಾಸಾ. ಮೊದಲ ವಾರ ಈ ಪದಗಳು ಕಿವಿಗೆ ಬಿದ್ದಾಗಲೆಲ್ಲ ಮನೆಯವರು ಯಾರೋ ಸಿಕ್ಕ ಹಾಗಾಗುತ್ತಿತ್ತು.

ಮೂವತ್ತೆಂಟು ಮಕ್ಕಳು. ಶಿಸ್ತು ಅಂದರೆ ಶಿಸ್ತು. ಬೆಳಗ್ಗೆ ಎಂಟಕ್ಕೆ ಧ್ವಜದ ಮುಂದೆ ಸಾಲು. ಕ್ಲಾಸಿಗೆ ಹೋದರೆ ಎದ್ದು ನಿಂತು ಕೈ ಮುಗಿಯುತ್ತಾರೆ. "ಗುಡ್ ಮಾರ್ನಿಂಗ್ ಟೀಚರ್" ಅಂತ ರಾಗವಾಗಿ ಹೇಳುತ್ತಾರೆ. ಆಮೇಲೆ ಮೌನ. ನಾನು ಪ್ರಶ್ನೆ ಕೇಳಿದರೆ ಎಲ್ಲರೂ ಮೇಜು ನೋಡುತ್ತಾರೆ. ತಪ್ಪಾದರೆ ಮಾನ ಹೋಗುತ್ತದೆ ಅನ್ನುವ ಭಯ ಅವರಿಗೆ ಬಹಳ. ಥಾಯ್ ಸರ್ಕಾರ 2014ರಲ್ಲಿ ಭಾಷೆ ಎಷ್ಟು ಬರುತ್ತದೆ ಅಂತ ಅಳೆಯುವ ಯುರೋಪಿನ ಅಳತೆಗೋಲನ್ನು ತಂದು, ಮೂರನೇ ಮತ್ಥಯೋಮ್ ಮುಗಿಯುವಾಗ ಮಕ್ಕಳು ಎ2 ಮಟ್ಟ, ಅಂದರೆ ದಿನನಿತ್ಯದ ಸರಳ ಮಾತಿನ ಮಟ್ಟ, ಮುಟ್ಟಬೇಕು ಅಂತ ಗುರಿ ಇಟ್ಟಿತ್ತು. ನನ್ನ ಮಕ್ಕಳಿಗೆ ಇನ್ನೊಂದೂವರೆ ವರ್ಷ ಇತ್ತು. ಪಟ್ಟಿಯಲ್ಲಿದ್ದ ಪದಗಳು ಅವರಿಗೆ ಗೊತ್ತಿದ್ದವು. ಬಾಯಿಗೆ ಬರುತ್ತಿರಲಿಲ್ಲ.

ಇದರಲ್ಲಿ ನನ್ನ ತಪ್ಪೂ ದೊಡ್ಡದಿತ್ತು. ಮೊದಲ ಎರಡು ತಿಂಗಳು ನಾನು ನಾನಾಗಿರಲಿಲ್ಲ. ಯಾರಾದರೂ ನನ್ನ ಉಚ್ಚಾರಣೆ ಹಿಡಿದು ಮಾತಾಡುತ್ತಾರೆ ಅನ್ನುವ ಹೆದರಿಕೆಯಲ್ಲಿ ಬ್ರಿಟಿಷರ ಹಾಗೆ ಮಾತಾಡಲು ಹೊರಟಿದ್ದೆ. ಆ ಮಾತು ಮಕ್ಕಳಿಗೂ ಅರ್ಥವಾಗಲಿಲ್ಲ, ನನಗೂ ಒಗ್ಗಲಿಲ್ಲ. ಅವರಿಗೆ ತಪ್ಪು ಮಾಡಲು ಭಯ, ಕಲಿಸುವ ನನಗೂ ಅದೇ ಭಯ. ಅಂಥ ಕೋಣೆಯಲ್ಲಿ ಯಾರು ಬಾಯಿ ತೆರೆಯುತ್ತಾರೆ?

ಆರು ವಾರದ ಮೊದಲ ದಿನ ಬೋರ್ಡಿನ ಮೇಲೆ ಒಂದು ಬಸ್ಸಿನ ಚಿತ್ರ ಬರೆದೆ. ಕೆಳಗೆ ಮೂರು ಗೆರೆ ಎಳೆದೆ. ಮೊದಲ ಗೆರೆಯ ಮೇಲೆ 'ಬಸ್ಸು' ಅಂತ ಕನ್ನಡದಲ್ಲಿ ಬರೆದು ಜೋರಾಗಿ ಓದಿದೆ. "ನಾನು ಚಿಕ್ಕವಳಿದ್ದಾಗ ಹೀಗೆ ಹೇಳುತ್ತಿದ್ದೆ. ನಮ್ಮಮ್ಮ ಈಗಲೂ ಹೀಗೇ ಹೇಳುತ್ತಾಳೆ" ಅಂದೆ. ಬಸ್ಸು, ಕಾರು, ಸ್ಕೂಲು, ಪೆನ್ನು. ಕನ್ನಡದವರಿಗೆ ಪದ ಸ್ವರದಲ್ಲಿ ಮುಗಿದರೇ ಸಮಾಧಾನ. ಬಾಲ ಸೇರಿಸಿಬಿಡುತ್ತೇವೆ. ಎರಡನೇ ಗೆರೆಯನ್ನು ತೋರಿಸಿ "ನೀವು ಹೇಗೆ ಹೇಳ್ತೀರಿ?" ಅಂದೆ. ಯಾರೋ ಮೆಲ್ಲಗೆ "ಬತ್" ಅಂದರು.

ಥಾಯ್ ಪದದ ಕೊನೆಯಲ್ಲಿ ಬರಬಹುದಾದ ವ್ಯಂಜನಗಳು ಕೆಲವೇ ಕೆಲವು: ಪ್, ತ್, ಕ್, ಮ್, ನ್, ಙ್, ಮತ್ತೆ ಯ್, ವ್ ಥರದ ಎರಡು ಧ್ವನಿಗಳು. ಕೊನೆಯಲ್ಲಿ ಸ್ ಬಂದರೆ ಅದು ತ್ ಆಗುತ್ತದೆ. ಲ್ ಬಂದರೆ ನ್ ಆಗುತ್ತದೆ. ಹಾಗಾಗಿ ಬಸ್ 'ಬತ್' ಆಗುತ್ತದೆ, ಸ್ಕೂಲ್ 'ಸಕೂನ್' ಆಗುತ್ತದೆ, ಆ್ಯಪಲ್ 'ಆಪ್ಪೆನ್' ಆಗುತ್ತದೆ. ರೈಸ್, ರೈಟ್, ಲೈಟ್ ಮೂರೂ ಕೆಲವರ ಬಾಯಲ್ಲಿ ಒಂದೇ 'ಲೈ'. ನಾವು ಕೊನೆಗೆ ಒಂದು ಸ್ವರ ಜಾಸ್ತಿ ಹಾಕುತ್ತೇವೆ. ಅವರು ಕೊನೆಯನ್ನೇ ನುಂಗುತ್ತಾರೆ.

ಮೂರನೇ ಗೆರೆಯ ಮೇಲೆ 'ಬಸ್' ಬರೆದೆ. "ನಾನು ಆ ಕಡೆಯಿಂದ ನಡೆದು ಇಲ್ಲಿಗೆ ಬಂದೆ. ನೀವು ಈ ಕಡೆಯಿಂದ ಬನ್ನಿ" ಅಂದೆ. ಮೂವತ್ತೆಂಟು ಮಕ್ಕಳು ಹಾವಿನ ಹಾಗೆ ಸ್ ಅಂತ ಉಸಿರು ಬಿಟ್ಟರು. ಆಮೇಲೆ ನಗು ತಡೆಯಲಾಗಲಿಲ್ಲ. ಟೀಚರಿನ ಅಮ್ಮ 'ಬಸ್ಸು' ಅನ್ನುತ್ತಾಳೆ ಅನ್ನುವುದು ಅವರಿಗೆ ಬಹಳ ಇಷ್ಟವಾಯಿತು. ಆ ವಾರವೆಲ್ಲ ವರಾಂಡದಲ್ಲಿ ಸಿಕ್ಕವರು ಕೈ ಮುಗಿದು "ಟೀಚರ್, ಬಸ್ಸು!" ಅನ್ನುತ್ತಿದ್ದರು.

ಕೊನೆಯ ಧ್ವನಿ ಸಿಕ್ಕಿದ ಮೇಲೆ ಇನ್ನೊಂದು ಗಂಟು ಬಿಚ್ಚಿತು. ಇಂಗ್ಲೆಂಡಿನ ಹುಡುಗ ಈ ಮಕ್ಕಳ ಬಗ್ಗೆ "ಇವರಿಗೆ ಭೂತಕಾಲವೇ ಬರುವುದಿಲ್ಲ" ಅನ್ನುತ್ತಿದ್ದ. ಒಳ್ಳೆಯ ಹುಡುಗ, ಇಪ್ಪತ್ಮೂರು ವರ್ಷ. ಹಾಡು ಹೇಳಿಸುವುದರಲ್ಲಿ ನನಗಿಂತ ಚೆನ್ನಾಗಿದ್ದ. ಆದರೆ ಅವನು ಇಂಗ್ಲಿಷನ್ನು ಯಾವತ್ತೂ ಕಲಿತವನಲ್ಲ, ಅದರಲ್ಲೇ ಬೆಳೆದವನು. ಥಾಯ್ ಕ್ರಿಯಾಪದ ಕಾಲಕ್ಕೆ ತಕ್ಕಂತೆ ಬದಲಾಗುವುದಿಲ್ಲ. ನಾವು ಹೋದೆ, ಹೋದ, ಹೋದಳು ಅಂತ ಕ್ರಿಯಾಪದದ ಬಾಲದಲ್ಲೇ ಎಲ್ಲವನ್ನೂ ಹೇಳಿಬಿಡುತ್ತೇವೆ. ಅವರಿಗೆ ನಿನ್ನೆ ಅನ್ನುವ ಪದ ಇದ್ದರೆ ಸಾಕು, ಕ್ರಿಯಾಪದ ಹಾಗೇ ಇರುತ್ತದೆ. ಅದರ ಮೇಲೆ 'ವರ್ಕ್ಡ್', 'ಆಸ್ಕ್ಡ್' ಪದಗಳ ಕೊನೆಯ ಧ್ವನಿ ಅವರ ಕಿವಿಗೂ ಬೀಳುವುದಿಲ್ಲ, ಬಾಯಿಗೂ ಬರುವುದಿಲ್ಲ. ಅರ್ಧ ವ್ಯಾಕರಣದ ತೊಂದರೆ, ಇನ್ನರ್ಧ ನಾಲಿಗೆಯದು. ಕೆಂಪು ಪೆನ್ನಿನಲ್ಲಿ ಗೀಚಿದರೆ ಎರಡೂ ಹೋಗುವುದಿಲ್ಲ.

ಇನ್ನೊಂದು ವಿಷಯ ನನಗೆ ತಡವಾಗಿ ತಿಳಿಯಿತು. ಈ ಮಕ್ಕಳಿಗೆ ಥಾಯ್ ಕೂಡ ಶಾಲೆಯ ಭಾಷೆ. ಮನೆಯಲ್ಲಿ ಮಾತಾಡುವುದು ಈಸಾನ್, ಲಾವೋಗೆ ಹತ್ತಿರದ ಮಾತು. ಥಾಯ್‌ನಲ್ಲಿ ಪ್ರೀತಿಗೆ 'ರಕ್', ಈಸಾನ್‌ನಲ್ಲಿ 'ಹಕ್'. ಹಳಗನ್ನಡದ ಪಾಲ್ ನಮ್ಮಲ್ಲಿ ಹಾಲು ಆದ ಹಾಗೆ ಅಂತ ಮನಸ್ಸಿನಲ್ಲೇ ಹೋಲಿಸಿಕೊಂಡೆ. ಇವರು ಆಗಲೇ ಎರಡು ಭಾಷೆಯ ನಡುವೆ ದಿನಾ ಓಡಾಡುತ್ತಿದ್ದರು. ಅವರನ್ನು ದಡ್ಡರು ಅನ್ನುವುದಕ್ಕೆ ಯಾರಿಗೂ ಹಕ್ಕಿರಲಿಲ್ಲ.

ರೈಲಿನ ವೇಳಾಪಟ್ಟಿ

ಎರಡನೇ ವಾರದಿಂದ ನಾನು ಹಿಡಿದದ್ದು ಬೆಂಗಳೂರಿನ ದಾರಿ. ದಾವಣಗೆರೆಯಲ್ಲಿ ನನ್ನ ಜೊತೆಗಿದ್ದ ಹಿರಿಯ ಮೇಷ್ಟ್ರೊಬ್ಬರು ಭಾಷಾ ಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರ ಪ್ರಯೋಗದ ಬಗ್ಗೆ ಗಂಟೆಗಟ್ಟಲೆ ಹೇಳುತ್ತಿದ್ದರು. 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಮತ್ತೆ ಸುತ್ತಲಿನ ಕೆಲವು ಸಾಧಾರಣ ಶಾಲೆಗಳಲ್ಲಿ ಪ್ರಭು ಮತ್ತು ಅವರ ಜೊತೆಗಾರರು ಇಂಗ್ಲಿಷನ್ನು ಬೇರೆ ಥರ ಕಲಿಸಿ ನೋಡಿದರು. ವ್ಯಾಕರಣದ ಪಟ್ಟಿ ಇಲ್ಲ. ಹೇಳಿದ್ದನ್ನೇ ಹೇಳಿಸುವುದಿಲ್ಲ. ಮಕ್ಕಳ ಮುಂದೆ ಒಂದು ಸಮಸ್ಯೆ ಇಡುವುದು. ನಕ್ಷೆ, ರೈಲಿನ ವೇಳಾಪಟ್ಟಿ, ಖರ್ಚಿನ ಲೆಕ್ಕ. ಮೊದಲು ಟೀಚರ್ ಇಡೀ ಕ್ಲಾಸಿನ ಜೊತೆ ಅಂಥದ್ದೇ ಒಂದನ್ನು ಬಿಡಿಸುತ್ತಾರೆ, ಆಮೇಲೆ ಮಕ್ಕಳು ತಾವೇ ಇನ್ನೊಂದನ್ನು ಬಿಡಿಸುತ್ತಾರೆ. ಮನಸ್ಸು ಅರ್ಥದ ಮೇಲಿದ್ದಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಅನ್ನುವುದು ಅವರ ನಂಬಿಕೆ. ಲೋಕದ ಇಂಗ್ಲಿಷ್ ಶಿಕ್ಷಕರು ಇವತ್ತು 'ಟಾಸ್ಕ್' ಅಂತ ಮಾತಾಡುವಾಗ ಆ ಬೆಂಗಳೂರು ಪ್ರಾಜೆಕ್ಟನ್ನು ನೆನೆಯದೆ ಮುಂದೆ ಹೋಗುವುದಿಲ್ಲ. ನಮ್ಮ ಊರಿನಲ್ಲೇ ನಡೆದ ಕೆಲಸ. ನಮ್ಮ ಬಿ.ಎಡ್. ಕ್ಲಾಸಿನಲ್ಲಿ ಅದಕ್ಕೆ ಅರ್ಧ ಪುಟವಿತ್ತು ಅಷ್ಟೆ. ಇದು ನನಗೆ ಈಗಲೂ ಬೇಜಾರು.

ಖೋನ್ ಕೇನ್ ಸ್ಟೇಷನ್ನಿಗೆ ಹೋಗಿ ನೋಂಗ್ ಖಾಯ್‌ನಿಂದ ಬ್ಯಾಂಕಾಕ್‌ಗೆ ಹೋಗುವ ಮಾರ್ಗದ ವೇಳಾಪಟ್ಟಿ ತಂದೆ. ಉಡೋನ್ ಥಾನಿ, ಖೋನ್ ಕೇನ್, ಬಾನ್ ಫೈ, ಬುವಾ ಯೈ. ಎಲ್ಲವೂ ಮಕ್ಕಳಿಗೆ ಗೊತ್ತಿರುವ ಹೆಸರುಗಳು. ಹಾಳೆಯ ಮೇಲೆ ಸಮಸ್ಯೆ ಬರೆದೆ: ಅಜ್ಜಿ ಉಡೋನ್ ಥಾನಿಯಲ್ಲಿದ್ದಾಳೆ. ಅವಳಿಗೆ ಬೆಳಗ್ಗೆ ಎಂಟಕ್ಕಿಂತ ಮುಂಚೆ ಮನೆ ಬಿಡಲು ಆಗುವುದಿಲ್ಲ. ಸಂಜೆ ನಾಲ್ಕಕ್ಕೆ ಬಾನ್ ಫೈನಲ್ಲಿ ಮೊಮ್ಮಗಳ ಕಾರ್ಯಕ್ರಮ. ಸ್ಟೇಷನ್ನಿನಲ್ಲಿ ಅವಳು ಒಂದು ಗಂಟೆಗಿಂತ ಜಾಸ್ತಿ ಕಾಯಬಾರದು. ಯಾವ ರೈಲು?

ಮೊದಲ ದಿನ ಅವರು ಈಸಾನ್‌ನಲ್ಲಿ ಜಗಳವಾಡಿದರು. ನಾನು ತಡೆಯಲಿಲ್ಲ. ಉತ್ತರ ನನಗೆ ಇಂಗ್ಲಿಷಿನಲ್ಲಿ ಬೇಕು ಅಂತ ಮಾತ್ರ ಹೇಳಿದೆ. ಮೂರನೇ ಪಿರಿಯಡ್. ಮುಂದಿನ ಬೆಂಚಿನ ಜಾಣೆ ಒಂದು ರೈಲು ಹೇಳಿ ಕೂತಳು. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದ. ಶಾಲೆ ಶುರುವಾದಾಗಿನಿಂದ ಅವನ ದನಿಯನ್ನೇ ನಾನು ಕೇಳಿರಲಿಲ್ಲ. "ನೋ, ಟೀಚರ್. ಗ್ರ್ಯಾಂಡ್‌ಮದರ್ ವೇಟ್ ಟೂ ಲಾಂಗ್. ಶಿ ಓಲ್ಡ್." ಅವಳು ಒಪ್ಪಲಿಲ್ಲ. ಅವನು ಬೋರ್ಡಿನವರೆಗೆ ನಡೆದು ಬಂದು ಬೆರಳಿಟ್ಟು ತೋರಿಸಿದ. ಅವನ ಲೆಕ್ಕವೇ ಸರಿಯಿತ್ತು. ಅವನ ವಾಕ್ಯದಲ್ಲಿ ಎರಡು ತಪ್ಪಿದ್ದವು. ನಾನು ಅವನ್ನು ಮುಟ್ಟಲಿಲ್ಲ. "ಯೆಸ್, ಶಿ ಈಸ್ ಓಲ್ಡ್, ಶಿ ಕಾಂಟ್ ವೇಟ್ ದಟ್ ಲಾಂಗ್" ಅಂತ ಒಪ್ಪಿಗೆ ಕೊಡುವ ಹಾಗೆ ಅವನ ಮಾತನ್ನೇ ಸರಿಯಾದ ರೂಪದಲ್ಲಿ ಹೇಳಿದೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ, ಖುಷಿಗೆ.

ಆರು ವಾರದಲ್ಲಿ ಇಂಥ ಹದಿನಾಲ್ಕು ಹಾಳೆ ಮಾಡಿದೆ. ಸಂತೆಯ ನಕ್ಷೆ. ನೂರು ಬಾತ್‌ನಲ್ಲಿ ನಾಲ್ಕು ಜನರಿಗೆ ಸೊಮ್ ತಮ್, ಅಂಟು ಅನ್ನ, ಕೋಳಿ ತರುವ ಲೆಕ್ಕ. ಆ ಊಟದಲ್ಲಿ ನಾನು ತಿನ್ನಬಹುದಾದದ್ದು ಅನ್ನ ಮಾತ್ರ. ಪರಂಗಿಕಾಯಿಯ ಸೊಮ್ ತಮ್‌ಗೂ ಮೀನಿನ ಸಾರ ಹಾಕುತ್ತಾರೆ. ಅದೂ ಒಂದು ಹಾಳೆಯಾಯಿತು: ಟೀಚರ್ ಮಾಂಸ, ಮೀನು ತಿನ್ನುವುದಿಲ್ಲ, ಶಾಲೆಯ ಸುತ್ತಲಿನ ಯಾವ ಅಂಗಡಿಯಲ್ಲಿ ಏನು ಕೊಡಿಸುತ್ತೀರಿ? ಮಕ್ಕಳು ಶಾಲೆ ಬಿಟ್ಟ ಮೇಲೆ ನಿಜವಾಗಲೂ ಅಂಗಡಿ ಅಂಗಡಿ ಸುತ್ತಿ ಕೇಳಿಕೊಂಡು ಬಂದರು. ಹಳದಿ ಬಾವುಟ ಹಾಕಿದ 'ಜೇ' ಅಂಗಡಿಯನ್ನು ನನಗೆ ತೋರಿಸಿದ್ದು ಅವರೇ.

ಎಲ್ಲವೂ ಚೆನ್ನಾಗಿಯೇ ಆಯಿತು ಅಂತ ಹೇಳಲಾರೆ. ಪ್ರಭು ಅವರ ವಿಧಾನದ ಬಗ್ಗೆ ಆಗಲೇ ಇದ್ದ ಆಕ್ಷೇಪ ನನ್ನ ಕ್ಲಾಸಿನಲ್ಲೂ ನಿಜವಾಯಿತು. ಮಾತು ಬಂತು, ತಪ್ಪುಗಳೂ ಜೊತೆಗೇ ಗಟ್ಟಿಯಾಗತೊಡಗಿದವು. ಬರವಣಿಗೆಯಲ್ಲಿ ಸುಧಾರಣೆ ಕಾಣಲಿಲ್ಲ. ನಾಲ್ಕನೇ ವಾರದಿಂದ ವಾರಕ್ಕೆ ಒಂದು ಪಿರಿಯಡ್ ವ್ಯಾಕರಣಕ್ಕೇ ಇಟ್ಟೆ. ಆ ವಾರದ ಹಾಳೆಗಳಲ್ಲಿ ಮಕ್ಕಳೇ ಮಾಡಿದ ತಪ್ಪುಗಳನ್ನು ತೆಗೆದುಕೊಂಡು, ಯಾರದ್ದು ಅಂತ ಹೇಳದೆ, ಒಟ್ಟಿಗೆ ಸರಿ ಮಾಡುತ್ತಿದ್ದೆವು. ದಾವಣಗೆರೆಯ ಮೇಷ್ಟ್ರು ಇದಕ್ಕೆ ಒಪ್ಪುತ್ತಿರಲಿಲ್ಲವೇನೋ. ನನಗೆ ಇದೇ ಸರಿ ಅನ್ನಿಸಿತು.

ಪೋಷಕರು ಬಂದ ದಿನ

ಸೆಪ್ಟೆಂಬರ್ ಕೊನೆಯ ವಾರ, ಮೊದಲ ಅವಧಿ ಮುಗಿಯುವ ಮುಂಚೆ, ಪೀ ಪೋಷಕರನ್ನು ಕ್ಲಾಸಿಗೆ ಕರೆದರು. ಇಪ್ಪತ್ತು ಚಿಲ್ಲರೆ ಜನ ಬಂದರು. ಆಗ ದೇಶ ಶೋಕದಲ್ಲಿತ್ತು. ರಾಜ ಭೂಮಿಬೋಲ್ ಹಿಂದಿನ ಅಕ್ಟೋಬರ್ 13ರಂದು ತೀರಿಕೊಂಡಿದ್ದರು, ಅಂತ್ಯಕ್ರಿಯೆ ಇನ್ನೂ ಆಗಿರಲಿಲ್ಲ. ಶಿಕ್ಷಕರೆಲ್ಲ ಕಪ್ಪು ಬಟ್ಟೆಯಲ್ಲೇ ಇದ್ದೆವು. ಊರಿನಿಂದ ತಂದ ಬಣ್ಣದ ಚೂಡಿದಾರಗಳು ಪೆಟ್ಟಿಗೆಯಲ್ಲೇ ಉಳಿದಿದ್ದವು.

ನಾನು ನನ್ನ ಪರವಾಗಿ ಏನೂ ಮಾತಾಡಲಿಲ್ಲ. ಪೋಷಕರ ಕೈಗೂ ಒಂದೊಂದು ಹೊಸ ರೈಲಿನ ಹಾಳೆ ಕೊಟ್ಟೆ. ಅಪ್ಪ ಅಮ್ಮಂದಿರಿಗೆ ಹಾಳೆ ಓದಲು ಮಕ್ಕಳು ಸಹಾಯ ಮಾಡಬೇಕು, ಉತ್ತರವನ್ನು ಮಕ್ಕಳು ನನಗೆ ಇಂಗ್ಲಿಷಿನಲ್ಲಿ ಹೇಳಬೇಕು. ಹತ್ತು ನಿಮಿಷದಲ್ಲಿ ಕೋಣೆ ಸಂತೆಯಾಯಿತು.

ಕೊನೆಯಲ್ಲಿ ಒಬ್ಬ ತಂದೆ ಎದ್ದು ಮರ್ಯಾದೆಯಿಂದಲೇ ಕೇಳಿದರು, ಪೀ ಅನುವಾದ ಮಾಡಿದರು: "ನಮ್ಮ ಮಗಳು ಇಂಡಿಯಾದವರ ಹಾಗೆ ಮಾತಾಡುತ್ತಾಳಾ?" ನಾನು ಹೇಳಿದೆ, "ಇಲ್ಲ, ಅವಳು ಥಾಯ್ ಹುಡುಗಿಯ ಹಾಗೇ ಮಾತಾಡುತ್ತಾಳೆ. ಅವಳ ಟೀಚರ್ ಲಂಡನ್ನಿನವರಾದರೂ ಹಾಗೇ ಮಾತಾಡುತ್ತಿದ್ದಳು. ಕೇಳಿದವರಿಗೆ ಅರ್ಥವಾಗಬೇಕು, ಅದು ನನ್ನ ಕೆಲಸ." ಆಮೇಲೆ ಆಸಿಯಾನ್, ಅಂದರೆ ಆಗ್ನೇಯ ಏಷ್ಯಾದ ದೇಶಗಳ ಸಂಘಟನೆಯ ವಿಷಯ ಎತ್ತಿದೆ. 2008ರಲ್ಲಿ ಜಾರಿಗೆ ಬಂದ ಆಸಿಯಾನ್ ಸನ್ನದಿನಲ್ಲೇ ಸಂಘಟನೆಯ ಕೆಲಸದ ಭಾಷೆ ಇಂಗ್ಲಿಷ್ ಅಂತ ಬರೆದಿದೆ. ನಿಮ್ಮ ಮಗಳು ನಾಳೆ ಇಂಗ್ಲಿಷಿನಲ್ಲಿ ಮಾತಾಡುವುದು ಹೆಚ್ಚಾಗಿ ಸಿಂಗಪುರ, ಮಲೇಷ್ಯಾ, ವಿಯೆಟ್ನಾಂನವರ ಜೊತೆ ಅಂತ ಹೇಳಿದೆ. ಅವರು ಕೂತರು. ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ.

ಕ್ಲಾಸು ನನ್ನ ಹತ್ತಿರವೇ ಉಳಿಯಿತು. ಎರಡನೇ ಅವಧಿಯಲ್ಲಿ ಇಂಗ್ಲೆಂಡಿನ ಹುಡುಗನೂ ನಾನೂ ವಾರಕ್ಕೆ ಎರಡು ಪಿರಿಯಡ್ ಜೊತೆಯಾಗಿ ಮಾಡಿದೆವು. ಅವನು ಕಥೆ ಹೇಳುತ್ತಿದ್ದ, ನಾನು ಅದರಿಂದ ಸಮಸ್ಯೆ ಕಟ್ಟುತ್ತಿದ್ದೆ. ನವೆಂಬರಿನಲ್ಲಿ ಶಾಲೆಯ ಗೇಟಿಗೆ ಹೊಸ ಫ್ಲೆಕ್ಸ್ ಹಾಕಿದರು, ಇಂಗ್ಲಿಷ್ ವಿಭಾಗಕ್ಕೆ ಮಕ್ಕಳನ್ನು ಸೇರಿಸಿ ಅಂತ. ಅದರಲ್ಲಿ ಅವನ ಫೋಟೋ ಇತ್ತು. ನನ್ನದಿರಲಿಲ್ಲ. ದಿನಾ ಬೆಳಗ್ಗೆ ಅದರ ಕೆಳಗೇ ಒಳಗೆ ಹೋಗಬೇಕಿತ್ತು. ಅವನಿಗೇ ಮುಜುಗರವಾಗಿ ಆಫೀಸಿಗೆ ಹೋಗಿ ಕೇಳಿದ. ಫ್ಲೆಕ್ಸ್ ಹಾಗೇ ಉಳಿಯಿತು.

ಲೆಕ್ಕ

ಅವನ ಸಂಬಳ 34,000 ಬಾತ್. ನನ್ನದು 24,000. ಇಂಗ್ಲಿಷ್ ಮಾತೃಭಾಷೆಯಲ್ಲ ಅನ್ನುವ ಕಾರಣಕ್ಕೆ ಶಿಕ್ಷಕರಲ್ಲಿ ಭೇದ ಮಾಡಬಾರದು ಅಂತ ಇಂಗ್ಲಿಷ್ ಶಿಕ್ಷಕರ ಅಂತರರಾಷ್ಟ್ರೀಯ ಸಂಘಟನೆ ಟೆಸಾಲ್ 2006ರಲ್ಲೇ ಹೇಳಿಕೆ ಹೊರಡಿಸಿದೆ. ಹೇಳಿಕೆ ಸರಿ. ಸಂಬಳ ಕೊಡುವ ಏಜೆನ್ಸಿಯ ಮೇಜಿನವರೆಗೆ ಅದು ಬಂದಿರಲಿಲ್ಲ.

ಮತ್ತೊಂದು ವಿಷಯ ಸಹಿ ಹಾಕುವಾಗ ನಾನು ಗಮನಿಸಿರಲಿಲ್ಲ. ಒಪ್ಪಂದ ಹತ್ತು ತಿಂಗಳದ್ದು. ಮಾರ್ಚ್, ಏಪ್ರಿಲ್ ರಜೆಗೆ ಸಂಬಳ ಇಲ್ಲ. ಅದರಲ್ಲೂ ಪರ್ಮಿಟ್‌ಗಾಗಿ ಕಾದ ದಿನಗಳು ಹೋಗಿ, ಮೊದಲ ವರ್ಷ ಕೈಗೆ ಬಂದದ್ದು ಎಂಟೂವರೆ ತಿಂಗಳ ಸಂಬಳ. ಕಾಗದ ಪತ್ರ, ಟಿಕೆಟ್, ಮನೆಯ ಮುಂಗಡಕ್ಕೆ ಅಂತ ಊರಿನಲ್ಲಿ 1,20,000 ರೂಪಾಯಿ ಸಾಲ ಮಾಡಿದ್ದೆ. ರೂಮಿಗೆ 3,500 ಬಾತ್, ಊಟ ತಿಂಡಿ, ಮನೆಗೆ ಕಳಿಸುವುದು ಕಳೆದು ತಿಂಗಳಿಗೆ 8,000 ಬಾತ್ ಉಳಿಯುತ್ತಿತ್ತು. ಮೊದಲ ವರ್ಷದ ಉಳಿತಾಯ ಸಾಲ ತೀರಿಸುವುದಕ್ಕೇ ಹೆಚ್ಚುಕಡಿಮೆ ಸರಿಹೋಯಿತು. ರಜೆಯಲ್ಲಿ ಊರಿಗೆ ಹೊರಟಾಗ ರೀ-ಎಂಟ್ರಿ ಪರ್ಮಿಟ್ ಮಾಡಿಸಲು ಮರೆತಿದ್ದೆ. ಅದಿಲ್ಲದೆ ದೇಶ ಬಿಟ್ಟರೆ ವೀಸಾ ಅಲ್ಲಿಗೇ ಮುಗಿಯುತ್ತದೆ. ವಿಮಾನ ನಿಲ್ದಾಣದಲ್ಲಿ ಸಾವಿರ ಬಾತ್ ಕಟ್ಟಿ ಮಾಡಿಸಿಕೊಂಡೆ, ಹತ್ತು ನಿಮಿಷ ತಡವಾಗಿದ್ದರೆ ಕಷ್ಟವಿತ್ತು.

ಎರಡನೇ ವರ್ಷ ಹನ್ನೆರಡು ತಿಂಗಳ ಒಪ್ಪಂದ ಕೇಳಿದೆ. ಏಜೆನ್ಸಿ ಒಪ್ಪಲಿಲ್ಲ. ಪೀ ನನ್ನ ಪರವಾಗಿ ಮೂರು ಸಲ ಮಾತಾಡಿದರು. ಕೊನೆಗೆ 27,000 ಬಾತ್ ಮತ್ತು ಹನ್ನೊಂದು ತಿಂಗಳಿಗೆ ಬಂದು ನಿಂತಿತು. ನನ್ನ ಬಿ.ಎಡ್. ಮೇಲೆ ಖುರುಸಫಾದ ಪೂರ್ಣ ಪರವಾನಗಿಗೆ ಅರ್ಜಿ ಹಾಕಿದೆ. ಅದು ಸಿಕ್ಕ ಮೇಲೆ 2019ರಲ್ಲಿ ಬೇರೆ ಊರಿನ ಶಾಲೆಯೊಂದು ನೇರವಾಗಿ, ನಡುವೆ ಏಜೆನ್ಸಿ ಇಲ್ಲದೆ, ಹನ್ನೆರಡು ತಿಂಗಳ ಸಂಬಳಕ್ಕೆ ತೆಗೆದುಕೊಂಡಿತು. ಇದೇ ಕಾರಣಕ್ಕೆ ಬಿ.ಎಡ್. ಬಿಡಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಹೋಗುವ ಮುಂಚೆ ಒಪ್ಪಂದದಲ್ಲಿ ತಿಂಗಳು ಎಷ್ಟು ಅಂತ ಎಣಿಸಿ. ಯಾರು ಏನೇ ಹೇಳಲಿ, ಟೂರಿಸ್ಟ್ ವೀಸಾದಲ್ಲಿ ಕೆಲಸಕ್ಕೆ ಹೋಗಬೇಡಿ. 2022ರಲ್ಲಿ ಥಾಯ್ಲೆಂಡಿನ ಕೆಲಸ ಅಂತ ಕರೆಸಿಕೊಂಡು ಭಾರತದ ಹುಡುಗರನ್ನು ಮ್ಯಾನ್ಮಾರ್ ಗಡಿ ದಾಟಿಸಿ ಮೋಸದ ಕೇಂದ್ರಗಳಲ್ಲಿ ಕೂಡಿಹಾಕಿದ ಸುದ್ದಿ ಬಂದಾಗ, ನನಗೆ ಏಜೆನ್ಸಿಯವರ ಆ ಮೊದಲ ಫೋನ್ ಕರೆಯೇ ನೆನಪಾಯಿತು.

ಖೋನ್ ಕೇನ್ ಬಿಡುವ ಹಿಂದಿನ ಜೂನ್‌ನಲ್ಲಿ ವಾಯ್ ಖ್ರೂ ನಡೆಯಿತು. ಗುರುಗಳಿಗೆ ನಮಸ್ಕರಿಸುವ ದಿನ, ಸಾಮಾನ್ಯವಾಗಿ ಗುರುವಾರ. ಅಲ್ಲೂ ಗುರುವಾರ ಬೃಹಸ್ಪತಿಯದೇ. ಮಕ್ಕಳು ತಟ್ಟೆಯಲ್ಲಿ ಕೇಪಳದ ಹೂವು, ಬದನೆ ಹೂವು, ಗರಿಕೆ ಹುಲ್ಲು ಜೋಡಿಸಿ ತರುತ್ತಾರೆ. ಮೊದಲ ವರ್ಷ ನಾನು ಹೊಸಬಳು, ವೇದಿಕೆಯ ಕೆಳಗೆ ನಿಂತು ನೋಡಿದ್ದೆ. ಈ ಸಲ ಪೀ ನನ್ನನ್ನು ಮೇಲಿನ ಸಾಲಿನಲ್ಲಿ ಕೂರಿಸಿದರು. ತಟ್ಟೆಯಲ್ಲಿ ಗರಿಕೆ ಕಂಡಾಗ ನಮ್ಮ ಮನೆಯ ಗಣೇಶನ ಹಬ್ಬ ನೆನಪಾಗಿ ಕಣ್ಣು ತುಂಬಿತು. ಹಿಂದಿನ ಸಾಲಿನ ಆ ಹುಡುಗ ಆಗ ಮೂರನೇ ವರ್ಷದಲ್ಲಿದ್ದ. ತಲೆ ಬಗ್ಗಿಸಿ ತಟ್ಟೆ ಕೊಟ್ಟು ಹೋದ.

ನನ್ನ ಜಾಗಕ್ಕೆ ಫಿಲಿಪ್ಪೀನ್ಸ್‌ನ ಒಬ್ಬ ಶಿಕ್ಷಕಿ ಬಂದರು. ಶಿಕ್ಷಣದಲ್ಲಿ ಪದವಿ, ಹನ್ನೆರಡು ವರ್ಷದ ಅನುಭವ. ರೈಲಿನ ಹಾಳೆಗಳಿದ್ದ ಡಬ್ಬವನ್ನು ಅವರಿಗೆ ಕೊಟ್ಟೆ. ಅದರಲ್ಲಿ ಆಗ ನಲವತ್ತಕ್ಕೂ ಜಾಸ್ತಿ ಹಾಳೆಗಳಿದ್ದವು. ಅವರು ಅಲ್ಲೇ ನಿಂತು ಒಂದೊಂದಾಗಿ ಓದಿದರು, ಕೆಲವಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿದರು. ಸಂಬಳ ಎಷ್ಟು ಮಾತಾಡಿದ್ದಾರೆ ಅಂತ ಕೇಳಿದೆ. 21,000 ಬಾತ್ ಅಂದರು. ಹತ್ತು ತಿಂಗಳಿಗೆ.